ಎರಡು ಟಿಕೆಟ್‌ಗಳ ನಡುವೆ ಸಿಕ್ಕಿಕೊಳ್ಳುವ ಹಿರಿಯರು

ಮಗಳ ಬಾಣಂತನ ಮುಗಿಸಿ ದುಬೈಯಿಂದ ಹೊರಟ ಸಾಗರ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ಅದೇ ರಾತ್ರಿ ವಿಶಾಖಪಟ್ಟಣದ ಮಗನ ಮನೆ ಸೇರಬೇಕಿತ್ತು. ಸೇರಲಿಲ್ಲ. ದಕ್ಷಿಣದ ದೊಡ್ಡ ವಿಮಾನ ನಿಲ್ದಾಣವೊಂದರ ಕುರ್ಚಿಗಳ ಮೇಲೆ ಬೆಳಗಿನವರೆಗೆ ಕುಳಿತೇ ಕಾಲ ಕಳೆದರು.

ನಡೆದದ್ದು ಇಷ್ಟು. ದುಬೈಯಿಂದ ಆ ನಿಲ್ದಾಣದವರೆಗೆ ಒಂದು ಟಿಕೆಟ್, ಅಲ್ಲಿಂದ ವಿಶಾಖಪಟ್ಟಣಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ಹೀಗೆ ಬೇರೆ ಬೇರೆ ಮಾಡಿದ್ದರಿಂದ ಸುಮಾರು 3,000 ರೂಪಾಯಿ ಉಳಿದಿತ್ತು. ಸಂಜೆ 7.20ಕ್ಕೆ ಇಳಿಯಬೇಕಿದ್ದ ವಿಮಾನ ಇಳಿದದ್ದು 8 ಗಂಟೆಗೆ. ಮುಂದಿನ ವಿಮಾನ 9.40ಕ್ಕೆ. ಇನ್ನೂ ಒಂದೂ ಮುಕ್ಕಾಲು ಗಂಟೆಯಷ್ಟು ಸಮಯವಿದೆ ಎಂದು ಮೇಷ್ಟ್ರು ನಿಶ್ಚಿಂತೆಯಿಂದಲೇ ಇದ್ದರು. ಆದರೆ ಇಮಿಗ್ರೇಷನ್ ಸಾಲು, ಬೆಲ್ಟಿನ ಮೇಲೆ ಬ್ಯಾಗು ಬರುವವರೆಗಿನ ಕಾಯುವಿಕೆ, ಕಸ್ಟಮ್ಸ್, ಆಮೇಲೆ ಹೊರಗೆ ಬಂದು ಲಿಫ್ಟ್ ಹುಡುಕಿ ಮೇಲಿನ ಮಹಡಿಯ ನಿರ್ಗಮನ ದ್ವಾರ ತಲುಪುವಾಗ 9.05. ಕೌಂಟರ್ 8.40ಕ್ಕೇ ಮುಚ್ಚಿತ್ತು. ‘ಇದು ಬೇರೆ ಟಿಕೆಟ್. ದುಬೈ ವಿಮಾನ ತಡವಾಗಿದ್ದರೆ ನಾವೇನೂ ಮಾಡುವಂತಿಲ್ಲ’ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಅವಳ ಮಾತು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

ಮಗನಿಗೆ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ. ಕಾರ್ಖಾನೆಯ ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಫೋನು ಲಾಕರಿನಲ್ಲಿ ಬೆಳಗಿನ 6 ಗಂಟೆಯವರೆಗೆ ರಿಂಗಾಗುತ್ತಲೇ ಇತ್ತು. ಸೊಸೆಗೆ ಮೊದಲ ಹೆರಿಗೆಯಾಗಿ ತವರಿನಲ್ಲಿದ್ದಳು. ಮೇಷ್ಟ್ರ ಜೇಬಿನಲ್ಲಿದ್ದದ್ದು 800 ರೂಪಾಯಿ ಮತ್ತು ಮಗಳು ಕೊಟ್ಟ ದಿರ್ಹಮ್ ನೋಟುಗಳು. ಮರುದಿನ ಬೆಳಿಗ್ಗೆ ಮಗ ಕೊಂಡ ಹೊಸ ಟಿಕೆಟ್‌ಗಳಿಗೆ ಮೊದಲಿನ ಮೂರು ಪಟ್ಟು ಹಣವಾಯಿತು. ಅದಕ್ಕಿಂತ ಹೆಚ್ಚಾಗಿ, ‘ಇನ್ನು ಮೇಲೆ ಮಗಳ ಮನೆಗೆ ಹೋಗುವುದೇ ಬೇಡ’ ಎಂದು ಆ ತಾಯಿ ತೀರ್ಮಾನಿಸಿಬಿಟ್ಟರು.

ಹೊರನಾಡ ಕನ್ನಡಿಗರ ಮನೆಗಳಲ್ಲಿ ಇಂಥ ಕಥೆ ಅಪರೂಪವೇನಲ್ಲ. ಇದರಲ್ಲಿ ತಪ್ಪು ಯಾರದು ಎಂದು ಹುಡುಕುತ್ತ ಕುಳಿತರೆ ಪ್ರಯೋಜನವಿಲ್ಲ. ಹಿರಿಯರಿಗೆ ಯಾವ ತಿಳಿವಳಿಕೆ ಇರಬೇಕಿತ್ತು, ಅದನ್ನು ಯಾರು ಕೊಡಬಹುದಿತ್ತು ಎಂಬುದು ಪ್ರಶ್ನೆ.

ಫಲಕ ಬಂತು, ವಿಮಾನ ಬಂದು ಹೋಯಿತು

ಆಂಧ್ರದ ಕರಾವಳಿಯ ಎರಡು ದೊಡ್ಡ ನಗರಗಳಿಗೂ ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವಿದೆ. ಆದರೆ ಆ ಪದದ ಹಿಂದೆ ಏನಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ವಿಶಾಖಪಟ್ಟಣದ ವಿಮಾನ ನಿಲ್ದಾಣ ಬೆಳೆದದ್ದು ನೌಕಾಪಡೆಯ ಐಎನ್ಎಸ್ ಡೇಗಾ ನೆಲೆಯಲ್ಲಿ. 2009ರಲ್ಲಿ ಹೊಸ ಟರ್ಮಿನಲ್ ಕಟ್ಟಡ ಬಂತು. 2011ರ ಅಕ್ಟೋಬರ್‌ನಲ್ಲಿ ಸಿಂಗಪುರದ ಸಿಲ್ಕ್ ಏರ್ ನೇರ ಸಂಪರ್ಕ ಕೊಟ್ಟಾಗ ನಗರಕ್ಕೆ ಹಬ್ಬದ ಸಂಭ್ರಮ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಟರ್ಮಿನಲ್‌ನ ಚಾವಣಿಯನ್ನೇ ಕಿತ್ತು ಹಾಕಿ, ಕೆಲವು ದಿನ ವಿಮಾನ ಸಂಚಾರ ನಿಂತಿತ್ತು. ಆಮೇಲೆ ಕೌಲಾಲಂಪುರ, ಕೊಲಂಬೊ, ಬ್ಯಾಂಕಾಕ್ ಕಡೆಯ ಸಂಪರ್ಕಗಳು ಬಂದವು. ಕೆಲವು ನಿಂತವು, ಕೆಲವು ಮತ್ತೆ ಆರಂಭವಾದವು. ನೆಲೆ ನೌಕಾಪಡೆಯದಾದ್ದರಿಂದ ನಾಗರಿಕ ವಿಮಾನಗಳಿಗೆ ಸಮಯದ ಮಿತಿ ಇದ್ದೇ ಇತ್ತು. ಈ ಕಾರಣಕ್ಕಾಗಿಯೇ ಭೋಗಾಪುರದಲ್ಲಿ ಅಲ್ಲೂರಿ ಸೀತಾರಾಮರಾಜು ಹೆಸರಿನ ಹೊಸ ನಿಲ್ದಾಣದ ಯೋಜನೆ ಹುಟ್ಟಿತು. ಅದಕ್ಕೆ 2019ರಲ್ಲಿ ಒಬ್ಬ ಮುಖ್ಯಮಂತ್ರಿ, 2023ರಲ್ಲಿ ಇನ್ನೊಬ್ಬ ಮುಖ್ಯಮಂತ್ರಿ, ಹೀಗೆ ಎರಡು ಬಾರಿ ಶಂಕುಸ್ಥಾಪನೆಯಾಯಿತು. ಭೋಗಾಪುರ ನಗರದಿಂದ ಸುಮಾರು 45 ಕಿಲೋಮೀಟರ್ ಉತ್ತರಕ್ಕಿದೆ. ಪರವಾಡ, ಗಾಜುವಾಕ ಇರುವುದು ನಗರದ ದಕ್ಷಿಣಕ್ಕೆ. ಈ ಕಡೆಯ ಕಾರ್ಮಿಕ ಬಡಾವಣೆಗಳ ಕುಟುಂಬಗಳು ಭೋಗಾಪುರಕ್ಕೆ ಹೋಗಬೇಕೆಂದರೆ ಊರನ್ನೇ ದಾಟಿಕೊಂಡು ಹೋಗಬೇಕು. ರಸ್ತೆಯ ಸಮಯವನ್ನು ಬೇರೆಯೇ ಲೆಕ್ಕ ಹಾಕಬೇಕು.

ವಿಜಯವಾಡದ ಗನ್ನವರಂ ನಿಲ್ದಾಣದ ಕಥೆ ಇನ್ನಷ್ಟು ಪಾಠ ಹೇಳುತ್ತದೆ. 2017ರ ಜನವರಿಯಲ್ಲಿ ದೇಶೀಯ ಪ್ರಯಾಣಿಕರಿಗೆ ಹೊಸ ಟರ್ಮಿನಲ್, ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸಂಪುಟದಿಂದ ಅಂತರರಾಷ್ಟ್ರೀಯ ಸ್ಥಾನಮಾನ. ಹಳೆಯ ಟರ್ಮಿನಲ್ ಕಟ್ಟಡವನ್ನು ಸಜ್ಜುಗೊಳಿಸಿ ಇಮಿಗ್ರೇಷನ್, ಕಸ್ಟಮ್ಸ್ ಕೂರಿಸಲಾಯಿತು. 2018ರ ಡಿಸೆಂಬರ್ 4ರಂದು ಇಂಡಿಗೋ ಸಿಂಗಪುರ ವಿಮಾನ ಹಾರಿತು. ಖಾಲಿ ಸೀಟುಗಳ ನಷ್ಟವನ್ನು ರಾಜ್ಯ ಸರ್ಕಾರ ಭರಿಸುವ ಒಪ್ಪಂದವಿತ್ತು. ಒಂದು ವರ್ಷವೂ ತುಂಬುವ ಮೊದಲೇ, 2019ರಲ್ಲಿ, ಆ ವಿಮಾನ ನಿಂತುಹೋಯಿತು. ಫಲಕ ಮಾತ್ರ ಉಳಿಯಿತು. 2022ರ ಅಕ್ಟೋಬರ್ ಕೊನೆಯಲ್ಲಿ ಶಾರ್ಜಾ ವಿಮಾನ ಬಂತು. ಸಿಂಗಪುರ ವಿಮಾನ ಮತ್ತೆ ಆರಂಭವಾಗಲು 2025ರ ನವೆಂಬರ್ ಬರಬೇಕಾಯಿತು, ಅದೂ ವಾರಕ್ಕೆ ಮೂರೇ ದಿನ.

ಇದರಿಂದ ತಿಳಿಯುವುದೇನೆಂದರೆ, ಸಣ್ಣ ನಗರದ ಅಂತರರಾಷ್ಟ್ರೀಯ ನಿಲ್ದಾಣದಿಂದ ವಿದೇಶಕ್ಕೆ ಹೋಗುವವರಲ್ಲಿ ಬಹುಪಾಲು ಜನ ಹೈದರಾಬಾದ್, ಚೆನ್ನೈ, ಬೆಂಗಳೂರು, ದೆಹಲಿ, ಮುಂಬೈಗಳಲ್ಲಿ ಒಮ್ಮೆ ಇಳಿದು ಹತ್ತಲೇಬೇಕು. ಸಾಗರ, ಕುಂದಾಪುರ, ಗದಗ ಕಡೆಯ ತಂದೆ ತಾಯಿಗಳಿಗಂತೂ ಒಮ್ಮೆಯಲ್ಲ, ಎರಡು ಬಾರಿ. ನೇರ ವಿಮಾನದ ಸುದ್ದಿ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಇಳಿದು ಹತ್ತುವ ಕಷ್ಟ ಎಲ್ಲೂ ಬರುವುದಿಲ್ಲ.

ಇಳಿದು ಹತ್ತುವಲ್ಲಿ ಇರುವ ಗುಟ್ಟು

ಹೋಗುವಾಗ ಮತ್ತು ಬರುವಾಗ ನಿಯಮ ಒಂದೇ ಅಲ್ಲ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಎಡವಟ್ಟಾಗುವುದು ಇಲ್ಲೇ.

ವಿಶಾಖಪಟ್ಟಣದಿಂದ ಹೈದರಾಬಾದ್ ಮೂಲಕ ಹೊರದೇಶಕ್ಕೆ ಒಂದೇ ಟಿಕೆಟ್‌ನಲ್ಲಿ ಹೋಗುವವರು ಸಾಮಾನ್ಯವಾಗಿ ಬ್ಯಾಗನ್ನು ವಿಶಾಖಪಟ್ಟಣದಲ್ಲಿ ಕೊಟ್ಟರೆ ಕೊನೆಯ ಊರಿನಲ್ಲೇ ಪಡೆಯುತ್ತಾರೆ. ಹೈದರಾಬಾದ್‌ನಲ್ಲಿ ಇಮಿಗ್ರೇಷನ್ ಮತ್ತು ಸೆಕ್ಯೂರಿಟಿ ಮುಗಿಸಿದರೆ ಸಾಕು. ಬ್ಯಾಗಿಗೆ ಕಟ್ಟುವ ಚೀಟಿಯಲ್ಲಿ ದೊಡ್ಡದಾಗಿ ಮೂರು ಅಕ್ಷರ ಇರುತ್ತದೆ. ಬ್ಯಾಗು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ವಿಶಾಖಪಟ್ಟಣಕ್ಕೆ ವಿಟಿಝಡ್, ವಿಜಯವಾಡಕ್ಕೆ ವಿಜಿಎ, ಬೆಂಗಳೂರಿಗೆ ಬಿಎಲ್ಆರ್, ಮಂಗಳೂರಿಗೆ ಐಎಕ್ಸ್ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್. ಕೌಂಟರಿನಿಂದ ಕದಲುವ ಮೊದಲು ಆ ಚೀಟಿಯನ್ನು ಒಮ್ಮೆ ಓದಿಕೊಳ್ಳಬೇಕು. ಬ್ಯಾಂಕಿನಲ್ಲಿ ಹಣ ಕಟ್ಟಿದವರು ಕೌಂಟರ್ ಬಿಡುವ ಮುಂಚೆ ಚಲನ್‌ನ ಪ್ರತಿಗೆ ಸೀಲು ಬಿದ್ದಿದೆಯೇ ಎಂದು ನೋಡುವುದಿಲ್ಲವೇ, ಹಾಗೆ.

ಬರುವಾಗ ಲೆಕ್ಕ ಬೇರೆ. ಹೊರದೇಶದಿಂದ ಬಂದವರು ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಬೇಕೆಂಬುದು ಸಾಮಾನ್ಯ ನಿಯಮ. ಬ್ಯಾಗಿನ ಚೀಟಿಯಲ್ಲಿ ವಿಟಿಝಡ್ ಎಂದಿದ್ದರೂ ಅಷ್ಟೇ. ‘ಬ್ಯಾಗು ನೇರವಾಗಿ ವಿಶಾಖಪಟ್ಟಣಕ್ಕೇ ಬರುತ್ತದೆ’ ಎಂದು ನಂಬಿ ಹಾಗೇ ಮುಂದೆ ಹೋದವರ ಬ್ಯಾಗು ದೊಡ್ಡ ಊರಿನಲ್ಲೇ ಉಳಿದ ಉದಾಹರಣೆಗಳಿವೆ. ಕಸ್ಟಮ್ಸ್ ದಾಟಿದ ಮೇಲೆ ಒಂದೇ ಟಿಕೆಟ್‌ನವರು ಹತ್ತಿರದ ವರ್ಗಾವಣೆ ಕೌಂಟರಿನಲ್ಲಿ ಬ್ಯಾಗನ್ನು ಮರಳಿ ಕೊಡಬಹುದು. ಬೇರೆ ಟಿಕೆಟ್‌ನವರು ಹೊರಗೆ ಬಂದು, ಮತ್ತೆ ದ್ವಾರದಲ್ಲಿ ಗುರುತಿನ ಚೀಟಿ ತೋರಿಸಿ, ಹೊಸ ಪ್ರಯಾಣಿಕರಂತೆ ಮೊದಲಿನಿಂದ ಆರಂಭಿಸಬೇಕು. ದೇಶೀಯ ಕೌಂಟರ್ ಸಾಮಾನ್ಯವಾಗಿ ವಿಮಾನಕ್ಕಿಂತ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮೇಷ್ಟ್ರ ಲೆಕ್ಕದಲ್ಲಿ ಈ ಒಂದು ಗಂಟೆ ಇರಲೇ ಇಲ್ಲ.

ಹಣದ ಲೆಕ್ಕವೂ ಇದೆ. ವಿದೇಶದ ಟಿಕೆಟ್‌ಗೆ 25 ಅಥವಾ 30 ಕಿಲೋ, ಅಮೆರಿಕವಾದರೆ 23 ಕಿಲೋದ ಎರಡು ಪೆಟ್ಟಿಗೆ ಸಿಗುವುದುಂಟು. ಬೇರೆಯಾಗಿ ಕೊಂಡ ದೇಶೀಯ ಟಿಕೆಟ್‌ಗೆ ಹೆಚ್ಚಿನ ಕಂಪನಿಗಳು ಕೊಡುವುದು 15 ಕಿಲೋ. ಉಳಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ದಂಡ. ಟಿಕೆಟ್‌ನಲ್ಲಿ ಉಳಿಸಿದ 3,000 ರೂಪಾಯಿ ಅಲ್ಲೇ ಕರಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್‌ನವರನ್ನು ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಕಂಪನಿಯದು. ಎರಡು ಟಿಕೆಟ್‌ನವರಿಗೆ ಆ ರಕ್ಷಣೆ ಇಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಇದು ಎಲ್ಲರಿಗೂ ಕಣ್ಣಾರೆ ಕಂಡಿತು. ರದ್ದಾದ ದೇಶೀಯ ಟಿಕೆಟ್‌ನ ಹಣ ವಾಪಸು ಬಂದರೂ, ಅದನ್ನು ನಂಬಿಕೊಂಡು ಬೇರೆಯಾಗಿ ಕೊಂಡಿದ್ದ ವಿದೇಶದ ಟಿಕೆಟ್‌ಗೆ ಉತ್ತರ ಹೇಳುವವರು ಇರಲಿಲ್ಲ.

ಆದ್ದರಿಂದ ಹಿರಿಯರಿಗೆ ಟಿಕೆಟ್ ಮಾಡುವ ಮಕ್ಕಳು ಎರಡು ಮಾತು ನೆನಪಿಡಬೇಕು. ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಇರಲಿ. ಸಾಧ್ಯವೇ ಇಲ್ಲದಿದ್ದರೆ ನಡುವೆ ಕನಿಷ್ಠ 5 ಗಂಟೆ ಇಡಬೇಕು, ಅಥವಾ ಆ ಊರಿನಲ್ಲಿ ಒಂದು ರಾತ್ರಿ ತಂಗುವ ಏರ್ಪಾಡು ಮಾಡಬೇಕು.

ಕಟ್ಟಡ ಬೇರೆ, ದಾರಿ ಬೇರೆ

ಇಳಿದು ಹತ್ತುವ ಊರಿನ ಕಟ್ಟಡಗಳ ಪರಿಚಯವೂ ಬೇಕು. ಶಂಷಾಬಾದ್‌ನಲ್ಲಿ 2008ರಲ್ಲಿ ಆರಂಭವಾದ ಹೈದರಾಬಾದ್ ನಿಲ್ದಾಣದಲ್ಲಿ ದೇಶೀಯ ಮತ್ತು ಅಂತರರಾಷ್ಟ್ರೀಯ ಎರಡೂ ಒಂದೇ ಕಟ್ಟಡದಲ್ಲಿರುವುದರಿಂದ ಹಿರಿಯರಿಗೆ ಇದ್ದುದರಲ್ಲಿ ಸುಲಭ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋದವು. ದೇಶೀಯ ವಿಮಾನಗಳು ಕಂಪನಿಗೆ ತಕ್ಕಂತೆ ಎರಡು ಟರ್ಮಿನಲ್‌ಗಳಲ್ಲಿ ಹಂಚಿಹೋದವು. ಹೊರದೇಶದಿಂದ ಬಂದು ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರು ಶಟಲ್ ಬಸ್ಸು ಹತ್ತಬೇಕಾದೀತು. ಮುಂಬೈಯಲ್ಲಂತೂ ಸಾಂತಾಕ್ರೂಜ್‌ ಕಡೆಯ ಟರ್ಮಿನಲ್‌ಗೂ ಸಹಾರ್‌ ಕಡೆಯ ಟರ್ಮಿನಲ್‌ಗೂ ನಡುವೆ ಊರಿನ ರಸ್ತೆಯೇ ಇದೆ. ಟಿಕೆಟ್‌ನಲ್ಲಿ ಊರಿನ ಹೆಸರಿನ ಪಕ್ಕ ಟಿ-1, ಟಿ-2 ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಹೊರಡುವ ಮೊದಲೇ ಓದಿಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಹಿಂದೆ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರು. ಈಗ ದೊಡ್ಡ ನಿಲ್ದಾಣಗಳಲ್ಲಿ ಆ ಪದ್ಧತಿ ಬಹಳ ಕಡಿಮೆಯಾಗಿದೆ. ಪರದೆಯನ್ನು ನೋಡಿಯೇ ತಿಳಿಯಬೇಕು. ಗೇಟ್ ನಂಬರ್ ಬದಲಾದರೆ ಅದೂ ಪರದೆಯ ಮೇಲೆಯೇ. ಕನ್ನಡಕ ಬ್ಯಾಗಿನೊಳಗೆ ಇಟ್ಟ ಅಜ್ಜಿಗೆ ಇದು ದೊಡ್ಡ ಪರೀಕ್ಷೆ.

ಗಾಲಿಕುರ್ಚಿಯ ವಿಷಯದಲ್ಲಿ ಕನ್ನಡದ ಹಿರಿಯರಿಗೆ ಸಂಕೋಚ ಜಾಸ್ತಿ. ‘ಕಾಲು ಗಟ್ಟಿ ಇದೆ, ಅದೆಲ್ಲ ಯಾಕೆ’ ಎನ್ನುತ್ತಾರೆ. ಆದರೆ ನಿಲ್ದಾಣದಲ್ಲಿ ಗಾಲಿಕುರ್ಚಿ ಎಂದರೆ ಬರೇ ಕುರ್ಚಿಯಲ್ಲ, ದಾರಿ ಬಲ್ಲ ಒಬ್ಬ ಮನುಷ್ಯ ಜೊತೆಗಿರುತ್ತಾನೆ. ನಡೆಯಲು ಕಷ್ಟವಿರುವವರು, ಗಾಬರಿಗೆ ರಕ್ತದೊತ್ತಡ ಏರುವವರು ಹಿಂಜರಿಯಬಾರದು. ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲೇ ಕಂಪನಿಗೆ ತಿಳಿಸಿಡಬೇಕು. ಮಕ್ಕಳ ಬಳಿಗೆ ಪದೇ ಪದೇ ಹೋಗಿ ಬರುವವರಿಗೆ ಇನ್ನೊಂದು ಅನುಕೂಲವೂ ಬಂದಿದೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ, 2025ರ ಜನವರಿಯಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ ಮುಂತಾದ ಕಡೆ ಆರಂಭವಾದ ತ್ವರಿತ ಇಮಿಗ್ರೇಷನ್ ವ್ಯವಸ್ಥೆಯಲ್ಲಿ ಮೊದಲೇ ಹೆಸರು ನೋಂದಾಯಿಸಿ ಬೆರಳಚ್ಚು ಕೊಟ್ಟವರು ಉದ್ದ ಸಾಲಿನಲ್ಲಿ ನಿಲ್ಲದೆ ಯಂತ್ರದ ಗೇಟಿನ ಮೂಲಕ ದಾಟಬಹುದು. ಡಿಜಿಯಾತ್ರಾ ಎಂಬುದು ಬೇರೆ, ಅದು ದೇಶೀಯ ಪ್ರಯಾಣಕ್ಕೆ. ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ.

ಕೊಬ್ಬರಿಯ ತಂಟೆ

ಮಗಳ ಮನೆಗೆ ಬರಿಗೈಯಲ್ಲಿ ಹೋಗುವ ತಾಯಿ ಕನ್ನಡನಾಡಿನಲ್ಲಿ ಹುಟ್ಟಿಲ್ಲ. ಚಟ್ನಿಪುಡಿ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ತಿಪಟೂರಿನ ಕೊಬ್ಬರಿ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಇದರಲ್ಲಿ ಒಣ ಕೊಬ್ಬರಿಗೆ ವಿಮಾನದಲ್ಲಿ ಅವಕಾಶವಿಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿಗೆ ಬೇಗ ತುತ್ತಾಗುತ್ತದೆ ಎಂಬುದು ಕಾರಣ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಹೋಗುವುದಿಲ್ಲ. ಮೊಬೈಲಿಗೆ ಚಾರ್ಜ್ ತುಂಬುವ ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಇದು ತಿಳಿಯದೆ ಪೆಟ್ಟಿಗೆ ಬಿಚ್ಚಿಸಿ, ಎಲ್ಲರೆದುರು ಅವಮಾನವಾದಂತೆ ನಿಂತ ತಾಯಂದಿರಿದ್ದಾರೆ. ನಿತ್ಯ ತೆಗೆದುಕೊಳ್ಳುವ ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ, ಮಕ್ಕಳ ಫೋನ್ ನಂಬರ್ ಬರೆದ ಕಾಗದ, ಒಂದೆರಡು ಸಾವಿರ ನಗದು ಮಾತ್ರ ತಪ್ಪದೆ ಕೈಚೀಲದಲ್ಲಿರಬೇಕು.

ಸಂಘ ಇದಕ್ಕೇನು ಮಾಡಬೇಕು?

‘ಇದೆಲ್ಲ ಟ್ರಾವೆಲ್ ಏಜೆಂಟರ ಕೆಲಸ, ಸಂಘಕ್ಕೇನು ಸಂಬಂಧ’ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಈಗ ಟಿಕೆಟ್ ಮಾಡುವುದು ಏಜೆಂಟರಲ್ಲ, ಮೊಬೈಲು. ಮೊಬೈಲು ಕಡಿಮೆ ದರವನ್ನು ಮೇಲೆ ತೋರಿಸುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ‘ಬ್ಯಾಗನ್ನು ನೀವೇ ಸಾಗಿಸಿಕೊಳ್ಳಬೇಕು’ ಎಂಬ ಸಾಲನ್ನು ಓದಿ ಹೇಳುವವರು ಇಲ್ಲ.

ಇನ್ನೊಂದು ಮಾತು. ಹೊರನಾಡಿನಲ್ಲಿ ಕನ್ನಡ ಸಂಘಗಳು ಬೇರೂರಿದ್ದೇ ಇಂಥ ಕೆಲಸದಿಂದ. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳ ನೌಕರರು ವರ್ಗವಾಗಿ ಆಂಧ್ರಕ್ಕೆ ಬರುತ್ತಿದ್ದ ಕಾಲದಲ್ಲಿ, ರೈಲು ಇಳಿದವರಿಗೆ ಮೊದಲ ವಿಳಾಸ ಉಡುಪಿ ಹೋಟೆಲು; ಮನೆ ಹುಡುಕಿಕೊಡುವುದು, ಮಕ್ಕಳಿಗೆ ಶಾಲೆ ತೋರಿಸುವುದು ಮೊದಲೇ ಬಂದು ನೆಲೆಸಿದ ಕನ್ನಡಿಗರ ಪಾಲಿನ ಕೆಲಸವಾಗಿತ್ತು. ಆ ಬ್ಯಾಂಕುಗಳಲ್ಲಿ ಮೂರು 2019 ಮತ್ತು 2020ರ ವಿಲೀನದಲ್ಲಿ ಹೆಸರು ಕಳೆದುಕೊಂಡವು. ಆದರೆ ಹೊಸಬರನ್ನು ಕೈಹಿಡಿಯುವ ಆ ರೂಢಿ ಕಳೆದುಹೋಗಬೇಕಿಲ್ಲ. ಅಂದು ಪ್ರಶಾಂತಿ ಎಕ್ಸ್‌ಪ್ರೆಸ್ ಇಳಿದವರಿಗೆ ಬೇಕಾಗಿದ್ದ ನೆರವೇ ಇಂದು ವಿಮಾನ ಹತ್ತುವ ಹಿರಿಯರಿಗೆ ಬೇಕಾಗಿದೆ.

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಕನ್ನಡ ಫಲಕ ಹಾಕಿಸಿ ಎಂದು ಮನವಿ ಬರೆಯುವುದಕ್ಕಿಂತ ಕೈಯಳತೆಯಲ್ಲಿರುವ ಕೆಲಸ ಮೊದಲು ಮಾಡುವುದು ಲೇಸು. ತೆಲುಗು ಲಿಪಿ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಹಿರಿಯರು ಅಲ್ಲಿನ ಬೋರ್ಡುಗಳನ್ನು ಹೇಗೋ ಕೂಡಿಸಿ ಓದಿಬಿಡುತ್ತಾರೆ. ಅವರಿಗೆ ಗೊತ್ತಿಲ್ಲದಿರುವುದು ಅಕ್ಷರವಲ್ಲ, ಕ್ರಮ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು.

ಆ ಕ್ರಮವನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಮನೆಗೆ ಕೊಡಬಹುದು. ಒಂದು ಬದಿಗೆ ಹೋಗುವಾಗಿನ ಕ್ರಮ, ಹಿಂಬದಿಗೆ ಬರುವಾಗಿನ ಕ್ರಮ. ಟಿಕೆಟ್ ಕೊಳ್ಳುವ ಮೊದಲು ಕೇಳಿ ತಿಳಿಯಲು ಇಬ್ಬರು ಸದಸ್ಯರ ಹೆಸರು ಗೊತ್ತುಮಾಡಬಹುದು. ವಿಮಾನ ಪ್ರಯಾಣದ ಅನುಭವವಿರುವ ಯುವಕರು ಪ್ರತಿ ಸಂಘದಲ್ಲೂ ಇದ್ದಾರೆ. ಹಿರಿಯರು ಪ್ರಯಾಣ ಮಾಡುವ ರಾತ್ರಿ ಫೋನ್ ಎತ್ತುವ ಎರಡನೆಯ ಒಬ್ಬರು ಇರಲಿ. ಮಗ ಪಾಳಿಯಲ್ಲಿದ್ದಾಗ ಮೇಷ್ಟ್ರಿಗೆ ಬೇಕಾಗಿದ್ದದ್ದು ಅಷ್ಟೇ. ಹೈದರಾಬಾದ್, ಚೆನ್ನೈ, ಮುಂಬೈಗಳಲ್ಲೂ ಕನ್ನಡ ಸಂಘಗಳಿವೆ. ಒಂದು ಸಂಘದ ಪದಾಧಿಕಾರಿ ಇನ್ನೊಂದು ಸಂಘಕ್ಕೆ ಫೋನ್ ಮಾಡಿ ‘ನಮ್ಮೂರ ಇಬ್ಬರು ಹಿರಿಯರು ಅಲ್ಲಿ ಸಿಕ್ಕಿಕೊಂಡಿದ್ದಾರೆ, ಸ್ವಲ್ಪ ನೋಡಿ’ ಎಂದರೆ ಇಲ್ಲ ಎನ್ನುವ ಕನ್ನಡಿಗ ಸಿಗಲಾರ.

ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಗೌರವಿಸುವುದು ಶ್ಲಾಘನೀಯ ಸಂಪ್ರದಾಯ. ಅದು ನಡೆಯಲಿ. ಅದೇ ವೇದಿಕೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟು, ಇತ್ತೀಚೆಗೆ ವಿದೇಶ ಪ್ರಯಾಣ ಮಾಡಿ ಬಂದ ಒಬ್ಬ ಹಿರಿಯರಿಂದಲೇ ಆ ಅನುಭವವನ್ನು ಹೇಳಿಸಿದರೆ, ಸಭೆಯಲ್ಲಿ ಕುಳಿತ ಇತರ ಹಿರಿಯರು ಅದನ್ನು ಭಾಷಣಕ್ಕಿಂತ ಹೆಚ್ಚು ಗಮನ ಕೊಟ್ಟು ಕೇಳುತ್ತಾರೆ. ಸಾಗರದ ಮೇಷ್ಟ್ರಂಥವರಿಗೆ ಪಾಠ ಹೇಳುವುದು ಹೊಸತೇನಲ್ಲ. ಅವರ ಪತ್ನಿ ಮತ್ತೊಮ್ಮೆ ಮೊಮ್ಮಗುವನ್ನು ನೋಡಲು ಹೊರಡುವ ಮನಸ್ಸು ಮಾಡುವಂತಾದರೆ, ಸಂಘದ ಆ ವರ್ಷದ ಕಾರ್ಯಕ್ರಮಗಳಲ್ಲಿ ಅದೂ ಒಂದೆಂದು ಧಾರಾಳವಾಗಿ ವರದಿಯಲ್ಲಿ ಬರೆದುಕೊಳ್ಳಬಹುದು.